ಜಗಲಿಯ ಮೇಲಿನ ಕಾರ್ಡು

ನಮ್ಮ ಮನೆಗೆ ಏನೇ ಹೊಸದು ಬಂದರೂ ಅದು ಮೊದಲು ಜಗಲಿ ಹತ್ತಬೇಕು. ನಮ್ಮ ಕಡೆ ಜಗಲಿ ಎಂದರೆ ಮನೆ ಮುಂದಿನ ಕಟ್ಟೆಯಲ್ಲ. ದೇವರನ್ನಿಟ್ಟು ಪೂಜೆ ಮಾಡುವ ಜಾಗ. ನನ್ನ ಗಂಡ ಮತ್ತು ಅವರ ಅಣ್ಣ ಸೇರಿ ನಡೆಸುತ್ತಿದ್ದ ಮೆಣಸಿನಕಾಯಿ ಅಂಗಡಿಯ ಹೊಸ ತಕ್ಕಡಿ, ನೆಗೆಣ್ಣಿಯ ಮಿಕ್ಸರ್, ಮಕ್ಕಳ ಅಂಕಪಟ್ಟಿ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಾನು ತರುತ್ತಿದ್ದ ಸಂಬಳ, ಎಲ್ಲವೂ ಅಲ್ಲಿ ಕೂತು, ಅತ್ತೆಯವರ ಕೈಯಿಂದ ವಿಭೂತಿ ಹಚ್ಚಿಸಿಕೊಂಡು, ಆಮೇಲೆ ಬಳಕೆಗೆ ಬರುತ್ತಿದ್ದವು. ಇಡುವವರು ಯಾರೇ ಇರಲಿ, ಎತ್ತಿ ಹಂಚುವವರು ಭಾವನವರು. ಹುಬ್ಬಳ್ಳಿಯ ಬೆಂಗೇರಿಯ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಈ ಪದ್ಧತಿ ನನಗೆ ಚಂದ ಅನ್ನಿಸಿತ್ತು. ಅದನ್ನೂ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಸಿಟ್ಟಿದೆ. ಆ ಸಿಟ್ಟು ಮೊದಲ ದಿನದಿಂದ ಇದ್ದದ್ದಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಮ್ಮವ್ವ ಧಾರವಾಡದ ಕೆಲಗೇರಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಅವಳ ಅಕ್ಕ, ನನ್ನ ದೊಡ್ಡವ್ವ, ಮಿಲಿಟರಿಯವರನ್ನು ಮದುವೆಯಾಗಿ ದಿಲ್ಲಿಯಲ್ಲೇ ನೆಲೆಸಿದ್ದಳು. ದೊಡ್ಡವ್ವನಿಗೆ ಮರೆವು ಶುರುವಾಗಿತ್ತು. ಫೋನಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು, ಮಗನ ಹೆಸರು ತಪ್ಪಿ ಹೇಳುತ್ತಿದ್ದಳು. ಅವ್ವನ ದನಿಯನ್ನು ಮಾತ್ರ ಇನ್ನೂ ಗುರುತು ಹಿಡಿಯುತ್ತಿದ್ದಳು. ಅವ್ವನಿಗೆ ಸೊಂಟದ ಆಪರೇಷನ್ ಆಗಿತ್ತು. ಎರಡು ರಾತ್ರಿ ರೈಲಿನಲ್ಲಿ ಕೂರುವುದು ಬೇಡ ಎಂದು ಡಾಕ್ಟರು ಹೇಳಿದ್ದರು.

“ಆಕಿ ನನ್ನ ಮರಿಯೂದ್ರಾಗ ಒಮ್ಮೆ ಹೋಗಿ ಮುಂದ ಕುಂದ್ರಬೇಕು ನೋಡವಾ,” ಅಂದಳು ಅವ್ವ. ಬೇಡಿಕೆಯ ದನಿಯಲ್ಲಿ ಅಲ್ಲ. ಸೊಪ್ಪು ಸೋಸುತ್ತ, ಬುಟ್ಟಿಯ ಕಡೆ ನೋಡುತ್ತ ಅಂದಳು.

ಉಳಿದದ್ದು ವಿಮಾನ. ವಿಮಾನದ ಟಿಕೆಟ್ಟಿಗೆ ನನ್ನ ಸಂಬಳ ಸಾಲದು ಎಂದಲ್ಲ. ನನ್ನ ಸಂಬಳ ಜಗಲಿಯ ಮೇಲಿತ್ತು. ಅಲ್ಲಿಂದ ಮನೆಖರ್ಚಿಗೆಂದು ನನಗೆ ಮರಳುತ್ತಿದ್ದುದರಲ್ಲಿ ಕಾಯಿಪಲ್ಯ, ಔಷಧ, ಮಕ್ಕಳ ಫೀ, ನನ್ನ ಸ್ಕೂಟಿಯ ಪೆಟ್ರೋಲು ಆಗುತ್ತಿತ್ತು. ತವರಿಗೆಂದು ಅದರಲ್ಲಿ ಕೈಹಾಕಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಆ ಹೊತ್ತಿಗೆ ನಮ್ಮ ಸ್ಟಾಫ್ ರೂಮಿಗೆ ಕ್ರೆಡಿಟ್ ಕಾರ್ಡಿನ ಏಜೆಂಟರು ಬರತೊಡಗಿದ್ದರು. ಕೈಯಲ್ಲಿ ಹೊಳೆಯುವ ಕಾಗದ, ಕೊರಳಲ್ಲಿ ಟೈ. ಉಳಿದವರು ಆ ಕಾಗದಗಳಲ್ಲಿ ಚುರುಮುರಿ ಕಟ್ಟಿಕೊಂಡರೆ ನಾನು ಓದಿದೆ. ಒಂದು ಕಾರ್ಡು ಪೆಟ್ರೋಲಿಗೆ ರಿಯಾಯಿತಿ ಕೊಡುತ್ತಿತ್ತು. ಒಂದು ಬಂಗಾರ ಕೊಂಡರೆ ಮಾತ್ರ ಲಾಭದ್ದು. ಮೂರನೆಯದರಲ್ಲಿ ಏನು ಕೊಂಡರೂ ಪಾಯಿಂಟು ಬಂದು, ಪಾಯಿಂಟು ಕೂಡಿದಾಗ ಅದಕ್ಕೆ ವಿಮಾನದ ಟಿಕೆಟ್ಟು. ವರ್ಷದ ಫೀ ಇತ್ತು. ಬಿಲ್ಲಿನ ತಾರೀಖು ತಪ್ಪಿದರೆ ಬಡ್ಡಿ ಮೈಮೇಲೆ ಬರುತ್ತಿತ್ತು. ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದರು, ಹಾಕಿದ್ದಂತೂ ನಿಜ. ನಮ್ಮ ಮನೆಗೆ ಜೋಳ ಹೊಲದಿಂದ ಬರುತ್ತಿತ್ತು, ಖಾರ ಅಂಗಡಿಯಿಂದ, ಹಾಲು ಓಣಿಯ ಎಮ್ಮೆಯಿಂದ. ಕಾರ್ಡು ಉಜ್ಜುವ ಮಷಿನ್ನು ಇದ್ದದ್ದು ಪೆಟ್ರೋಲ್ ಪಂಪು, ದೊಡ್ಡ ಔಷಧದ ಅಂಗಡಿ, ಸೀರೆ ಅಂಗಡಿಗಳು, ಹೊಸದಾಗಿ ತೆರೆದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ. ಅಷ್ಟರಲ್ಲೇ ಹೇಗೆ ಕೂಡಿಸುವುದೆಂದು ಲೆಕ್ಕ ಹಾಕಿ ಮೂರನೆಯದನ್ನು ಆರಿಸಿದೆ. ಈ ಪಾಯಿಂಟುಗಳು ನನ್ನ ಸಂಬಳವಲ್ಲ, ಅಂಗಡಿಯ ಲಾಭವೂ ಅಲ್ಲ. ಹಿಟ್ಟು ಬೀಸುವಾಗ ಗಿರಣಿಯ ಸುತ್ತ ಬೀಳುವ ಪುಡಿಯಂತೆ ಖರ್ಚಿನ ಹಿಂದೆ ಬೀಳುವ ಪುಡಿ. ಅದಕ್ಕಾದರೂ ಜಗಲಿ ಇರಲಿಕ್ಕಿಲ್ಲ ಅಂದುಕೊಂಡೆ.

ಏಜೆಂಟರು ಕಾಗದಪತ್ರಕ್ಕೆ ಮನೆಗೇ ಬಂದರು. ಸಂಬಳದ ಚೀಟಿ ತೆಗೆದಿಟ್ಟಿದ್ದೆ. ಭಾವನವರು ನನ್ನ ಗಂಡನ ಜೊತೆ ಮಧ್ಯಾಹ್ನದ ಊಟಕ್ಕೆ ಬಂದಿದ್ದರು. ಏಜೆಂಟರಿಗೆ ಚಹಾ ತರಿಸಿದರು, ತಾವೇ ಫ್ಯಾನು ಹಚ್ಚಿದರು.

“ಹೆಣ್ಣಮಗಳ ಹೆಸರಿಗೆ ಸಾಲದ ಕಾರ್ಡ್ ಯಾಕ್ರಿ ಸಾಹೇಬ್ರ? ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಿಮ್ಮ ಬ್ಯಾಂಕಿನವ್ರು ಆಕಿ ಸಾಲಿ ಬಾಗಲಿಗೆ ಹೋಗಿ ನಿಂದ್ರತಾರ. ಅದ ಛಲೋ ಕಾಣ್ತೈತೇನ್ರಿ? ನಮ್ಮ ತಮ್ಮನ ಹೆಸರಿಗೆ ಮಾಡ್ರಿ.”

“ಹಂಗಂದ್ರ ಇನ್ನೂ ಛಲೋ ಆತ್ರಿ,” ಅಂದರು ಏಜೆಂಟರು. “ಸರ್‌ದು ಮೇನ್ ಕಾರ್ಡ್, ಮೇಡಂಗ ಆ್ಯಡ್-ಆನ್ ಕಾರ್ಡ್. ಲಿಮಿಟ್ಟೂ ಜಾಸ್ತಿ ಬರ್ತೈತಿ.”

“ಪಾಯಿಂಟು?” ಅಂದೆ.

“ಎರಡೂ ಒಂದ ರೀ ಮೇಡಂ. ಯಾರ ಉಜ್ಜಿದ್ರೂ ಒಂದ ಕಡೆ ಜಮಾ.”

“ಟಿಕೆಟ್ ಯಾರು ಕೇಳಬೇಕ್ರಿ?”

“ಸರ್ ಒಂದ ಫೋನ್ ಮಾಡಿದ್ರ ಸಾಕ್ರಿ.”

ನಾನು ಗಂಡನ ಕಡೆ ನೋಡಿದೆ. “ಅವ್ವನ ಸಲುವಾಗಿ ತಗೊಳ್ಳಾಕತ್ತೀವಿ ಅಂತ ಎಲ್ಲಾರಿಗೂ ಗೊತ್ತೈತಿ. ನಾ ಫೋನ್ ಮಾಡೂದು, ನೀ ಮಾಡೂದು ಬ್ಯಾರೆ ಏನು?” ಅಂದರು. ಎಲ್ಲರಿಗೂ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಆಮೇಲೆ ಗೊತ್ತಿಲ್ಲದವರ ಹಾಗೆ ಯಾರೂ ಮಾಡಲಿಲ್ಲ. ಗೊತ್ತಿದ್ದೇ ಮಾಡಿದರು.

ಎರಡೂ ಕಾರ್ಡು ಒಂದೇ ಲಕೋಟೆಯಲ್ಲಿ ಬಂದು ಜಗಲಿ ಹತ್ತಿದವು. ಅತ್ತೆಯವರು ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆಯನ್ನು ಸರಿಯಾಗಿ ಹಿಂದಿನ ಕರೀಪಟ್ಟಿಯ ಮೇಲೆಯೇ ಎಳೆದರು. ಮುಂಬದಿಯಲ್ಲಿ ಅಂಕಿ ಉಬ್ಬಿದ್ದರಿಂದ ಬೆರಳು ನೆಟ್ಟಗೆ ಓಡುತ್ತಿರಲಿಲ್ಲವಂತೆ. ಪೆಟ್ರೋಲ್ ಪಂಪಿನವನು ಎಷ್ಟು ಉಜ್ಜಿದರೂ ಮಷಿನ್ನು ಓದಲಿಲ್ಲ. ಕೊನೆಗೆ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಅಕ್ಕಾರ, ಇದಕ್ಕ ದೀಕ್ಷಾ ಕೊಡಿಸೀರೇನ್ರಿ?” ಅಂದು ಅಂಗಿಯ ತುದಿಯಿಂದ ಒರೆಸಿದ. ನಕ್ಕೆ. ಆ ದಿನಗಳಲ್ಲಿ ನಗುತ್ತಿದ್ದೆ.

ಮನೆಯ ಖರ್ಚೊಂದರಿಂದಲೇ ಪಾಯಿಂಟು ಕೂಡುವುದು ತಡವಾಗುತ್ತಿತ್ತು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟೆ: ನಿಮ್ಮ ಸಾಮಾನಿಗೆ ನಾನು ಕಾರ್ಡು ಉಜ್ಜುತ್ತೇನೆ, ನನಗೆ ರೊಕ್ಕ ಕೊಡಿ, ಬಿಲ್ಲು ನಾನು ಕಟ್ಟುತ್ತೇನೆ. ಅಲ್ಲಿಂದ ಯಾರು ಕುಕ್ಕರ್ ಕೊಂಡರೂ ನಾನು ಜೊತೆಗೆ. ಇಂಗ್ಲಿಷ್ ಕಲಿಸುವ ಅಕ್ಕೋರ ಮಗಳ ಮದುವೆಯ ಸೀರೆಗಳಿಗೆ ಸಂಜೆಯಿಡೀ ಅಂಗಡಿಯಲ್ಲಿ ಕೂತೆ. ಡ್ರಿಲ್ ಮಾಸ್ತರರು ಬೈಕಿಗೆ ಪೆಟ್ರೋಲು ಬೇಕಾದಾಗಲೆಲ್ಲ, “ನಡೀರಿ ಅಕ್ಕೋರ, ನಿಮ್ಮವ್ವನ ವಿಮಾನಕ್ಕ ಎಣ್ಣಿ ಹಾಕಿಸೂಣು,” ಎಂದು ಕರೆಯುತ್ತಿದ್ದರು. ಸಮಾಜ ವಿಜ್ಞಾನದವರು ಮಿಕ್ಸರ್ ಕೊಂಡ ದಿನ, “ವಿಮಾನದ ಒಂದ್ ರೆಕ್ಕಿ ನಂದ ನೋಡ್ರಿ. ಇಳಿಯೂ ಮುಂದ ನಿಮ್ಮವ್ವಗ ಹೇಳ್ರಿ, ಜ್ವಾಕಿಲೆ ಇಳಿ ಅಂತ,” ಅಂದರು. ಬಿಲ್ಲು ಬಂದಾಗ ಬ್ಯಾಂಕಿನ ಸಾಲಿನಲ್ಲಿ ನಿಂತು ಕಟ್ಟುತ್ತಿದ್ದವಳು ನಾನು. ಒಮ್ಮೆಯೂ ತಾರೀಖು ತಪ್ಪಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ, ವಿಮಾನಕ್ಕೆ ನಮಗೆ ಹತ್ತಿರವಾಗುವ ಗೋವಾದಿಂದ ದಿಲ್ಲಿಗೆ ಇಬ್ಬರು ಹೋಗಿಬರುವಷ್ಟು ಪಾಯಿಂಟು ಕೂಡಿತು. ಗಂಡನಿಗೆ ಹೇಳಿದೆ. “ಇವತ್ತ ಮಾಡ್ತೇನಿ ಫೋನು,” ಅಂದರು. ನಾನು ಅವ್ವನಿಗೆ ಫೋನು ಮಾಡಿದೆ. ಅವ್ವ ದೊಡ್ಡವ್ವನಿಗೆ ಮಾಡಿದಳು. ಶೇಂಗಾ ಚಟ್ನಿ, ಅಗಸಿ ಚಟ್ನಿ ಕುಟ್ಟಿ, ಖಡಕ್ ರೊಟ್ಟಿ ಕಟ್ಟಿ, “ವಿಮಾನದಾಗ ಚಟ್ನಿ ವಾಸನಿ ಬಂದ್ರ ಇಳಸ್ತಾರೇನ?” ಎಂದು ತಮ್ಮನನ್ನು ಕೇಳಿದಳಂತೆ. ಇಳಸೂದಿಲ್ಲ, ಅವ್ರೂ ಬೇಡ್ತಾರ ಎಂದು ಅವನು ಹೇಳಿದ್ದನಂತೆ.

ಟಿಕೆಟ್ಟುಗಳು ಕೊರಿಯರಿನಲ್ಲಿ ಬಂದವು. ನಾನು ಶಾಲೆಯಿಂದ ಬರುವಷ್ಟರಲ್ಲಿ ಜಗಲಿಯ ಮೇಲಿದ್ದವು, ವಿಭೂತಿ ಹಚ್ಚಿಕೊಂಡು. ಕೈಮುಗಿದೆ. ನೆಗೆಣ್ಣಿ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡದೆ, “ದಿಲ್ಲಿಯಾಗ ಥಂಡಿ ಭಾಳ ಇರ್ತೈತೇನವಾ? ನಿನ್ನ ಶಾಲು ಕೊಡ್ತಿಯೇನ?” ಅಂದಳು.

ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಭಾವನವರಿಗೆ ದಿಲ್ಲಿಯಲ್ಲಿ ವ್ಯಾಪಾರಿಗಳ ಒಂದು ಸಭೆ ಇತ್ತು. ಹೆಂಡತಿಯನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅಣ್ಣ ಕೇಳಿದ್ದರು, ತಮ್ಮ ಫೋನು ಮಾಡಿದ್ದರು, ಅಣ್ಣ ಅತ್ತಿಗೆಯ ಹೆಸರಿನಲ್ಲಿ.

ಊಟಕ್ಕೆ ಕೂತಾಗ ಹೇಳಿದೆ, “ಅವು ನಮ್ಮವ್ವನ ಟಿಕೆಟ್ಟರಿ.”

ಭಾವನವರು ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. “ನಿಮ್ಮವ್ವ ನಮಗೂ ಅವ್ವ ಅಲ್ಲೇನವಾ? ಮುಂದಿನ ಸರ್ತಿ ಖರೇನ ಕಳಸೂಣು. ಪಾಯಿಂಟ್ ಏನು, ಮೆಣಸಿನಗಿಡ ಇದ್ದಂಗ. ಹರದಂಗ ಹರದಂಗ ಮತ್ತ ಬಿಡ್ತಾವ.”

“ದೊಡ್ಡವ್ವಗ ಮರವು ಹೆಚ್ಚಾಗಾಕತ್ತೈತ್ರಿ. ಮುಂದಿನ ಸರ್ತಿ ಅಂದ್ರ—”

“ಜಗಲಿ ಮ್ಯಾಲ ಇಟ್ಟದ್ದು ಮನೀದ ಆತಲ್ಲ ತಂಗಿ,” ಅಂದರು ಅತ್ತೆಯವರು, ಭಾಳ ಮೆತ್ತಗೆ. “ದೇವರ ಮುಂದಿಂದು ನಂದು ನಿಂದು ಅನಬಾರದು.”

ನಾನು ಇಟ್ಟಿರಲಿಲ್ಲ. ಆ ಮಾತು ಬಾಯಿಗೆ ಬಂತು, ಆಡಿದೆ ಕೂಡ. “ನಾ ಇಟ್ಟಿಲ್ರಿ.” ಗಂಡ ರೊಟ್ಟಿ ಮುರಿಯುತ್ತಿದ್ದರು. ಕೈತೊಳೆಯುವಾಗ ನನ್ನ ಹತ್ತಿರ ಬಂದು, “ಅಣ್ಣ ಬಾಯಿಬಿಟ್ಟು ಕೇಳಿದಾ. ಹೆಂಗ ಒಲ್ಲೆ ಅನ್ಲಿ?” ಅಂದರು. ನಾನೂ ಬಾಯಿಬಿಟ್ಟೇ ಕೇಳಿದ್ದೆ. ಎರಡು ವರ್ಷ ಹುಬ್ಬಳ್ಳಿಯ ಅರ್ಧ ಅಂಗಡಿಗಳಲ್ಲಿ ನಿಂತು ಕೇಳಿದ್ದೆ.

ನಮ್ಮ ಊರಿನ ಮಾತು ಮೃದು ಎಂದು ಹೊರಗಿನವರು ಹೊಗಳುತ್ತಾರೆ. ಹೌದು, ಮೃದುವೇ. ನನ್ನ ಕೈಯಲ್ಲಿದ್ದುದನ್ನು ಕಸಿದುಕೊಂಡಾಗ ಒಬ್ಬರೂ ದನಿ ಏರಿಸಲಿಲ್ಲ. ಅವ್ವಾ ಅಂದರು, ತಂಗಿ ಅಂದರು. ಕಸಿದದ್ದು ಕಂಡು ನಾನು ಕೂಗಿದ್ದರೆ ಆ ಮನೆಯಲ್ಲಿ ಒರಟಳೆನಿಸುವವಳು ನಾನೊಬ್ಬಳೇ ಆಗುತ್ತಿದ್ದೆ. ಆ ಲೆಕ್ಕ ಅವರಿಗೆ ಗೊತ್ತಿತ್ತು.

ಅವ್ವನಿಗೆ ಹೇಳಲು ಕೆಲಗೇರಿಗೆ ಹೋದೆ. ಚಟ್ನಿಯ ಡಬ್ಬಿಗಳು ಚೀಲದ ಬಾಯಲ್ಲೇ ಇದ್ದವು. ಅವ್ವ ಕೇಳಿಸಿಕೊಂಡು, “ಹೋಗ್ಲಿ ಬಿಡು. ನೀ ಯಾರ ಕೂಡಾನೂ ಜಗಳಾಡಬ್ಯಾಡ,” ಅಂದಳು. ಡಬ್ಬಿಗಳನ್ನು ತೆಗೆದು ಗೋಡೆಯ ಮಾಡದಲ್ಲಿಟ್ಟಳು. ಇಡುವಾಗ ಒಂದರ ಮುಚ್ಚಳ ಸರಿಯಾಗಿ ಕೂರಲಿಲ್ಲ. ಅದನ್ನು ಒತ್ತುತ್ತಲೇ ಇದ್ದಳು.

ಭಾವ ಮತ್ತು ನೆಗೆಣ್ಣಿ ಹೋಗಿ ಬಂದರು. ಕೋಟೆಯ ಮುಂದೆ ನಿಂತ ಫೋಟೋ ತಂದರು, ಆಗ್ರಾದ ಪೇಠಾ ತಂದರು. ಅದೂ ಜಗಲಿ ಹತ್ತಿ ಇಳಿದ ಮೇಲೆ ನನಗೊಂದು ತುಂಡು ಬಂತು. ತಿಂದೆ. ಸಿಹಿಯಾಗಿತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸ್ಟಾಫ್ ರೂಮಿನಲ್ಲಿ “ವಿಮಾನ ಯಾವಾಗ ಏರ್ತೈತ್ರಿ?” ಎಂದು ಕೇಳಿದವರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಮನೆಯ ಮಾನ ಎಂದು ಮುಚ್ಚಲಿಲ್ಲ. ಡ್ರಿಲ್ ಮಾಸ್ತರರು, “ನನ್ನ ಪೆಟ್ರೋಲ್ ಮ್ಯಾಲ ನಿಮ್ಮ ಭಾವ ಹಾರಿ ಬಂದ್ರು ಅನ್ರಿ,” ಅಂದರು. ಯಾರೂ ನಗಲಿಲ್ಲ.

ಮುಂದಿನ ಚಳಿಗಾಲದ ಹೊತ್ತಿಗೆ ದೊಡ್ಡವ್ವ ಫೋನಿನಲ್ಲಿ ಅವ್ವನ ದನಿ ಗುರುತಿಸುವುದನ್ನು ಬಿಟ್ಟಳು. ನಾನು ಆ ತಿಂಗಳ ಸಂಬಳವನ್ನು ಮನೆಗೆ ತರಲೇ ಇಲ್ಲ. ಶಾಲೆಯಿಂದ ಸೀದಾ ಸ್ಟೇಷನ್ನಿಗೆ ಹೋಗಿ ಎ.ಸಿ. ಡಬ್ಬಿಯಲ್ಲಿ ಕೆಳಗಿನ ಬರ್ತ್ ಹಿಡಿದೆ. ಡಾಕ್ಟರು ಬೇಡವೆಂದ ದಾರಿಯಲ್ಲಿ ಅವ್ವನನ್ನು ಮಲಗಿಸಿಕೊಂಡು ಹೋದೆ. ರೈಲು ಜೋಲಿ ಹೊಡೆದಾಗಲೆಲ್ಲ ಅವಳು ಕಂಬಿ ಹಿಡಿದು ತುಟಿ ಕಚ್ಚುತ್ತಿದ್ದಳು. ನಾನು ನೋಡುತ್ತಿದ್ದೇನೆಂದು ತಿಳಿದರೆ ತುಟಿ ಬಿಡುತ್ತಿದ್ದಳು.

ದೊಡ್ಡವ್ವ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವ್ವ ಕೋಲು ಊರುತ್ತ ಹೋಗಿ ಮುಂದೆ ಕೂತಳು. ದೊಡ್ಡವ್ವ ಗಡಿಬಿಡಿಯಿಂದ ಸೆರಗು ಸರಿಮಾಡಿಕೊಂಡು, “ಬರ್ರಿ, ಕುಂದರ್ರಿ. ಎಲ್ಲಿಂದ ಬಂದ್ರಿ?” ಅಂದಳು.

“ಧಾರವಾಡದಿಂದ್ರಿ,” ಅಂದಳು ಅವ್ವ.

“ಹೌದ್ರಿ? ಅಲ್ಲೆ ನಮ್ಮ ತಂಗಿ ಅದಾಳ.” ದೊಡ್ಡವ್ವನ ಮುಖ ಅರಳಿತು. “ಬರ್ತೇನಿ ಅಂದಾಳ. ವಿಮಾನದಾಗ. ಚಟ್ನಿ ತರಾಕತ್ತಾಳಂತ. ದಾರಿ ನೋಡಾಕತ್ತೇನಿ.”

ಅವ್ವ ನನ್ನ ಕಡೆ ತಿರುಗಲಿಲ್ಲ. ಚೀಲದಿಂದ ಡಬ್ಬಿ ತೆಗೆದು ದೊಡ್ಡವ್ವನ ಮಡಿಲಲ್ಲಿಟ್ಟು, “ಬರ್ತಾಳ್ರಿ. ಅಲ್ಲಿತನಕ ಇದನ್ನ ತಿನ್ರಿ,” ಅಂದಳು.

ನಾವು ವಾಪಸು ಬಂದ ದಿನ ಭಾವನವರು ಅಂಗಡಿಯಿಂದ ಬೇಗ ಬಂದಿದ್ದರು. “ಭೆಟ್ಟಿ ಆತಿಲ್ಲವಾ? ಆತಲ್ಲ ಮತ್ತ. ವಿಮಾನ ಆದ್ರೇನು, ರೈಲು ಆದ್ರೇನು, ಎರಡೂ ಒಂದ,” ಅಂದರು. ನಗುತ್ತಿದ್ದರು ಎಂದು ಬರೆದರೆ ತಪ್ಪಾದೀತು. ಸಮಾಧಾನ ಹೇಳುತ್ತಿದ್ದರು.

“ಒಂದಲ್ರಿ,” ಅಂದೆ. ದಿಲ್ಲಿಯ ಬಿಸಿಲಲ್ಲಿ ಕಂಡದ್ದನ್ನು, ಇಲ್ಲಿ ಬರೆದಷ್ಟನ್ನೇ, ಒಂದು ಮಾತೂ ಹೆಚ್ಚಿಲ್ಲದೆ ಹೇಳಿದೆ. ಅವರು ಕೇಳಿಸಿಕೊಂಡು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಗಂಡ ನಾನು ಬಿಟ್ಟುಹೋಗಿದ್ದ ಆ್ಯಡ್-ಆನ್ ಕಾರ್ಡನ್ನು ನನ್ನ ಮುಂದೆ ಸರಿಸಿ, “ಮತ್ತ ಕೂಡಸಬಹುದು,” ಅಂದರು. ಅದನ್ನು ಅವರ ಕಡೆಗೇ ಸರಿಸಿದೆ.

ಆಮೇಲೆ ನಾನೇ ಅರ್ಜಿ ಹಾಕಿದ, ನನ್ನ ಹೆಸರಿನ ಕಾರ್ಡು ಶಾಲೆಯ ವಿಳಾಸಕ್ಕೆ ಬಂತು. ಅದರಲ್ಲೂ ವಿಮಾನದ ಪಾಯಿಂಟುಗಳಿವೆ, ಕೂಡಿವೆ, ಕೇಳಿದವರಿಲ್ಲ. ಅವ್ವ ಒಲ್ಲೆ ಅನ್ನುತ್ತಾಳೆ.

ದಿಲ್ಲಿಯಿಂದ ಬಂದ ತಿಂಗಳ ಕೊನೆಗೆ ಅತ್ತೆಯವರು ಪೂಜೆಗೆ ಕೂತು ಕೇಳಿದರು, “ಪಗಾರ ಬಂತೇನ ತಂಗಿ?”

“ಬಂತ್ರಿ.”

“ಜಗಲಿ ಮ್ಯಾಲ ಕಾಣ್ವಲ್ದಲ್ಲ?”

“ಇಟ್ಟಿಲ್ರಿ,” ಅಂದೆ. “ಇನ್ನ ಇಡೂದಿಲ್ರಿ.”

ನಾನೂ ಮೆತ್ತಗೇ ಹೇಳಿದೆ. ಅವರ ಮೂರು ಬೆರಳಿಗೆ ವಿಭೂತಿ ಅಂಟಿತ್ತು. ಹಚ್ಚಲು ಏನೂ ಇಲ್ಲದೆ ಆ ಬೆರಳುಗಳು ಹಾಗೇ ನಿಂತಿದ್ದವು.