ಕೆಂಪು ಬೀಗದ ಟ್ರಾಲಿ

ನಮ್ಮ ಎಮರ್ಜೆನ್ಸಿಯಲ್ಲಿ ಎಲ್ಲರೂ ಮಹಾ ಪಂಡಿತರು. ಇದು ನನ್ನ ಮಾತಲ್ಲ, ಪರೀಕ್ಷೆಯಲ್ಲಿ ಸಾಬೀತಾದ ವಿಷಯ. ತುರ್ತು ರೋಗಿಗಳ ಬಗ್ಗೆ ನಮಗೆಷ್ಟು ಗೊತ್ತಿದೆ, ಗೊತ್ತಿದ್ದದ್ದನ್ನು ಎಷ್ಟು ಮಾಡುತ್ತೇವೆ ಎಂದು ತಿಳಿಯಲು ಯಾವುದೋ ಕಾಲೇಜಿನ ಹುಡುಗಿಯೊಬ್ಬಳು ಪ್ರಶ್ನೆಪತ್ರಿಕೆ ಹಿಡಿದು ಬಂದಿದ್ದಳು. ಡಾಕ್ಟರುಗಳು, ನರ್ಸುಗಳು ಎಲ್ಲರೂ ಚಹಾ ಹೀರುತ್ತಾ ಟಿಕ್ ಹಾಕಿದೆವು. ಅಲರ್ಜಿಯಾಗಿ ಗಂಟಲು ಕಟ್ಟುತ್ತಿರುವವನಿಗೆ ಮೊದಲು ಏನು ಕೊಡಬೇಕು? ಅಡ್ರಿನಲಿನ್, ತೊಡೆಗೆ, ತಕ್ಷಣ. ಎಲ್ಲರದೂ ಸರಿ. ತಡವಾದರೆ? ಸಾಯುತ್ತಾನೆ. ಅದೂ ಸರಿ. ಹುಡುಗಿ ಖುಷಿಯಿಂದ ಪತ್ರಿಕೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದಳು.

ಗಂಡನ ಬ್ಯಾಂಕ್ ಕೆಲಸದ ಬೆನ್ನು ಹಿಡಿದು ಉಡುಪಿ ಕಡೆಯಿಂದ ಕೋಲ್ಕತ್ತಾಕ್ಕೆ ಬಂದವಳು ನಾನು. ಊರಲ್ಲಿ ಕಲಿತ ನರ್ಸಿಂಗ್ ಇಲ್ಲಿ ಅನ್ನ ಕೊಟ್ಟಿತು. ಇಷ್ಟು ವರ್ಷಗಳಲ್ಲಿ ಆಸ್ಪತ್ರೆಯವರ ಬಗ್ಗೆ ಗೌರವ ಹೆಚ್ಚಿತೇ ಎಂದು ಕೇಳಬೇಡಿ. ಆ ಟ್ರಾಲಿಯನ್ನೇ ನೋಡಿ. ಉಸಿರು ನಿಲ್ಲುವ ಹೊತ್ತಿಗೆ ಬೇಕಾದ ಔಷಧಿಯೆಲ್ಲ ಒಂದೇ ಕಡೆ ಇರಲಿ ಎಂದು ಎಮರ್ಜೆನ್ಸಿಯಲ್ಲೊಂದು ಟ್ರಾಲಿ ಇಡುತ್ತಾರೆ. ಅದಕ್ಕೆ ನಂಬರ್ ಇರುವ ಕೆಂಪು ಪ್ಲಾಸ್ಟಿಕ್ ಬೀಗ. ಬೇಕಾದಾಗ ಕೈಯಲ್ಲಿ ತಿರುಚಿದರೆ ಮುರಿಯಬೇಕು, ಅದಕ್ಕೇ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿರುವುದು. ನಮ್ಮವರು ಅದನ್ನು ಗರ್ಭಗುಡಿಯ ಬಾಗಿಲು ಮಾಡಿಟ್ಟಿದ್ದರು. ಮುರಿದರೆ ಫಾರಂ, ಮೂರು ಸಹಿ, ಮೇಲೆ ಇನ್‌ಚಾರ್ಜ್ ಸಿಸ್ಟರ ಊದಿದ ಮುಖ. ಪರೀಕ್ಷೆಯ ಮರುವಾರ ಇನ್‌ಸ್ಪೆಕ್ಷನ್ ಬೇರೆ. ಹೊರಗಿನ ತಟ್ಟೆಯಲ್ಲಿ ಕೈಗೆ ಸಿಗುವಂತಿದ್ದ ಅಡ್ರಿನಲಿನ್‌ನ ಪುಟ್ಟ ಗಾಜಿನ ಆಂಪೂಲುಗಳನ್ನೂ ಒಳಗೆ ತುಂಬಿ ಬೀಗ ಹಾಕಿದ್ದರು, ಟೇಬಲ್ ನೀಟಾಗಿ ಕಾಣಲಿ ಎಂದು. ಥೂ!

ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲೇಕ್ ಮಾರ್ಕೆಟ್ ಕಡೆಯ ಹೋಟೆಲಿನ ಅಡಿಗೆ ಭಟ್ಟರು ಆಟೋದಿಂದ ಇಳಿದು ಗೋಡೆ ಹಿಡಿದುಕೊಂಡು ಬಂದರು. ನಮ್ಮ ಕಡೆಯವರು, ನನಗಿಂತ ಏಳೆಂಟು ವರ್ಷ ಚಿಕ್ಕವರು. ಎಷ್ಟೋ ಭಾನುವಾರ ಅವರ ಕೈಯ ದೋಸೆ ತಿಂದಿದ್ದೇನೆ. ತುಟಿ ದಪ್ಪಗಾಗಿತ್ತು, ಕುತ್ತಿಗೆಯ ತುಂಬ ಕೆಂಪು ದದ್ದು.

"ಅಕ್ಕ, ಹಲ್ಲುನೋವು ಅಂತ ಮೆಡಿಕಲ್ಲಿಂದ ಒಂದು ಮಾತ್ರೆ ತೆಗೊಂಡದ್ದು. ಈಗ ಗಂಟಲು ಒಳಗಿಂದ ಬಿಗಿದ ಹಾಗೆ ಆಗ್ತಾ ಉಂಟು."

ಮಂಚದ ಮೇಲೆ ಮಲಗಿಸಿದೆ. ಆಮ್ಲಜನಕ ಇಟ್ಟೆ, ಡ್ರಿಪ್ಪಿಗೆ ಸೂಜಿ ಹಾಕಿದೆ. ಡ್ಯೂಟಿಯಲ್ಲಿದ್ದವನು ನನ್ನ ಮಗನ ವಯಸ್ಸಿನ ಡಾಕ್ಟರ್. ಕೊರಳಿಗೆ ಹೊಸ ಸ್ಟೆತಸ್ಕೋಪ್, ತಲೆಗೆ ಅಷ್ಟೇ ಹೊಸ ಜೆಲ್. ಟಾರ್ಚ್ ಹಾಕಿ ಬಾಯಿ ನೋಡಿ, "ಹಲ್ಲಿನ ಬಾವು, ಡೆಂಟಲ್‌ಗೆ ಕಳಿಸಿ" ಎಂದ. ಅಬ್ಬಾ ಜಾಣ! ಹಲ್ಲಿನ ಬಾವಿಗೆ ಮೈಯೆಲ್ಲ ದದ್ದು ಏಳುತ್ತದೆಯೇ? "ಬಿಪಿ ಇಳೀತಾ ಇದೆ, ಅಲರ್ಜಿ ಇದು, ಅಡ್ರಿನಲಿನ್ ಕೊಡೋಣ" ಎಂದೆ ಬಂಗಾಳಿಯಲ್ಲಿ. ಅವನ ಮುಖದ ಬಣ್ಣ ಹೋಯಿತು. "ದಾಂಡಾನ್, ದಿದಿ" ಎಂದ. ಸ್ವಲ್ಪ ತಡೆಯಬೇಕಂತೆ. ಮೊದಲು ತುರಿಕೆಗೆ ಕೊಡುವ ಅವಿಲ್, ಸ್ಟಿರಾಯ್ಡ್ ಕೊಡಬೇಕಂತೆ, ಅಡ್ರಿನಲಿನ್ ಹೃದಯಕ್ಕೆ ಹೊಡೆತ ಕೊಟ್ಟೀತು, ಇಸಿಜಿ ಬೇಕಂತೆ. ವಾರದ ಹಿಂದೆ ಅವನೂ ನನ್ನ ಪಕ್ಕದಲ್ಲೇ ಕೂತು ಬಿಸ್ಕತ್ತು ಅದ್ದುತ್ತಾ ಸರಿಯುತ್ತರಕ್ಕೆ ಟಿಕ್ ಹಾಕಿದ್ದ.

ಇನ್‌ಚಾರ್ಜ್ ಸಿಸ್ಟರಿಗೆ ಫೋನ್ ಮಾಡಿದೆ. ಆ ಮಹಾತಾಯಿ ರೋಗಿ ಹೇಗಿದ್ದಾರೆ ಎಂದು ಕೇಳಲಿಲ್ಲ. "ಡಾಕ್ಟರ್ ಬರೆದುಕೊಡದೆ ಬೀಗ ಮುಟ್ಟಬೇಡ, ಇವತ್ತೇ ಇನ್‌ಸ್ಪೆಕ್ಷನ್" ಎಂದಳು. ಮಾತಿನ ಹಿಂದೆ ಯಾರೋ ಪರದೆಗಳಿಗೆ ಇಸ್ತ್ರಿ ಆಯ್ತಾ ಎಂದು ಕೇಳುತ್ತಿದ್ದರು.

ಭಟ್ಟರ ದನಿ ಕೀರಲಾಗತೊಡಗಿತ್ತು. "ನಾನು ಸಾಯ್ತೇನಾ ಅಕ್ಕ?"

"ಎಂತ ಮಾತದು ಭಟ್ರೆ! ಅದಕ್ಕೆ ಮದ್ದು ಉಂಟು. ನೋಡಿ, ಆ ಟ್ರಾಲಿಯಲ್ಲೇ ಉಂಟು. ಈಗ ಕೊಡ್ತೇವೆ" ಎಂದು ಕೈ ತೋರಿಸಿದೆ. ಅವರು ಕುತ್ತಿಗೆ ತಿರುಗಿಸಿ ಅದನ್ನೇ ನೋಡುತ್ತಾ ಮಲಗಿದರು.

ಟ್ರಾಲಿಯ ಹತ್ತಿರ ಹೋದೆ. ಬೀಗಕ್ಕೆ ಕೈ ಹಾಕಿದೆ. ಹಾಕಿ ತೆಗೆದೆ. "ಬರೆದುಕೊಡಿ ಡಾಕ್ಟರ್" ಎಂದು ಕಿರುಚಿದೆ. ಆ ಮಹಾಶಯ ಮೊಬೈಲ್ ತೆಗೆದು ಡೋಸ್ ಹುಡುಕುತ್ತಿದ್ದ! ಅರ್ಧ ಮಿಲಿ, ತೊಡೆಗೆ, ಎಂದು ನಾನೇ ಹೇಳಿದೆ. ಕೇಳಿಸಿಕೊಂಡೂ ಹುಡುಕಿದ. ಎದುರಿನ ಗಡಿಯಾರದಲ್ಲಿ ಆರು ನಿಮಿಷ ಕಳೆಯಿತು. ಭಟ್ಟರ ತುಟಿ ನೀಲಿಯಾಯಿತು, ಕಣ್ಣು ಮೇಲಕ್ಕೆ ಹೊರಳತೊಡಗಿತು. ಆಗ ನನಗೆ ಎಲ್ಲಿತ್ತೋ ಸಿಟ್ಟು, ಬೀಗ ತಿರುಚಿ ಕಿತ್ತೆಸೆದೆ. ಪಂಚೆಯ ಮೇಲಿನಿಂದಲೇ ತೊಡೆಗೆ ಚುಚ್ಚಿದೆ. ಇನ್ನೊಂದು ಐದು ನಿಮಿಷಕ್ಕೆ ಮನುಷ್ಯ ಕೆಮ್ಮಿ, ಉಸಿರೆಳೆದು, ನೀರು ಕೇಳಿದರು.

ಆಮೇಲಿನದು ಹೇಳಲಿಕ್ಕೇ ನಾಚಿಕೆ. ಡಾಕ್ಟರ್ ಕೇಸ್ ಶೀಟಿನಲ್ಲಿ ರೋಗಿ ಬಂದ ಕೂಡಲೇ ಅಡ್ರಿನಲಿನ್ ಕೊಡಲಾಯಿತು ಎಂದು ಬರೆದ. ಇನ್‌ಚಾರ್ಜ್ ಓಡಿ ಬಂದವಳು ನೆಲದ ಮೇಲಿದ್ದ ಬೀಗವನ್ನು ಹೆಕ್ಕಿಕೊಂಡಳು, ಮಂಚದ ಕಡೆ ಆಮೇಲೆ ತಿರುಗಿದಳು. ಬೀಗ ಮುರಿದದ್ದಕ್ಕೆ ನನಗೆ ಮೆಮೊ ಬಂತು. ನಾನು ಅದನ್ನು ಮನೆಯಲ್ಲಿ, ಸಹೋದ್ಯೋಗಿಗಳ ಮುಂದೆ, ಫೋನಿನಲ್ಲಿ ತಂಗಿಗೆ ಓದಿ ಹೇಳಿದೆ. ಎಲ್ಲರೂ ನನ್ನನ್ನು ಹೊಗಳಿದರು, ಅವರಿಬ್ಬರಿಗೆ ಛೀಮಾರಿ ಹಾಕಿದರು. ಹೊಟ್ಟೆ ತುಂಬಿದಂತಾಯಿತು.

ಎರಡು ವಾರ ಬಿಟ್ಟು ಭಟ್ಟರು ಮನೆಗೇ ಬಂದರು, ಬಾಳೆಎಲೆಯಲ್ಲಿ ಕಟ್ಟಿದ ಬಿಸಿ ಗೋಳಿಬಜೆ ಹಿಡಿದುಕೊಂಡು. ಕಾಲಿಗೆ ಬೀಳಲು ಬಗ್ಗಿದರು, ತಡೆದೆ. ಕಾಫಿ ಕೊಟ್ಟು, ಆ ಡಾಕ್ಟರ್ ಎಂಥ ಮಣ್ಣಂಗಟ್ಟಿ, ಆ ಇನ್‌ಚಾರ್ಜ್ ಎಂಥವಳು ಎಂದು ಒಂದೂ ಬಿಡದೆ ಹೇಳಿದೆ. ಅವರು ಲೋಟ ಹಿಡಿದು ತಲೆಯಾಡಿಸುತ್ತಾ ಕೇಳಿದರು.

"ನಂಗೆ ಕಡೆವರೆಗೂ ಎಚ್ಚರ ಇತ್ತು ಅಕ್ಕ. ನೀವು ತೋರಿಸಿದ ಆ ಪೆಟ್ಟಿಗೆಯನ್ನೇ ನೋಡ್ತಾ ಇದ್ದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. "ಆ ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ, ಅದು ಬಿಡಿ. ನಿಮ್ಗೆ ಗೊತ್ತಿತ್ತಲ್ಲ?"

ಗೋಳಿಬಜೆಯ ಪೊಟ್ಟಣ ಇನ್ನೂ ಬಿಚ್ಚದೆ ನನ್ನ ಮಡಿಲಲ್ಲೇ ಇತ್ತು.

"ಗೊತ್ತಿತ್ತು ಭಟ್ರೆ" ಎಂದೆ.