ಬಿಳಿ ದಾರದ ಕಟ್ಟುಗಳು

ಬೆಳಗಿನ ಐದೂಮುಕ್ಕಾಲು. ರನ್‌ವೇ ದೀಪಗಳು ಇನ್ನೂ ಉರಿಯುತ್ತಿವೆ. ಹ್ಯಾಂಗರಿನ ಹಿಂದಿನ ಉದ್ದ ಕಟ್ಟಡದಲ್ಲಿ ಕೊನೆಯ ಕೋಣೆಯ ಬಾಗಿಲನ್ನು ಆಕೆ ಭುಜ ಕೊಟ್ಟು ತಳ್ಳುತ್ತಾರೆ. ತೇವಕ್ಕೆ ಉಬ್ಬಿದ ಆ ಬಾಗಿಲು ಅಷ್ಟು ಮಾಡದೆ ಜಗ್ಗುವುದಿಲ್ಲ. ಮೇಜು ಒರೆಸಿ, ಕನ್ನಡಕ ಏರಿಸಿ, ನಿನ್ನೆ ಸಂಜೆ ಬಂದ ವರದಿಗಳನ್ನು ಎಳೆದುಕೊಳ್ಳುತ್ತಾರೆ. ಆರೂವರೆಗೆ ಮೊದಲ ವಿಮಾನ ಮೇಲೇಳುವಷ್ಟರಲ್ಲಿ ನಿನ್ನೆಯ ಪುಟ ಮುಗಿದಿರಬೇಕು. ಇದು ಯಾರೂ ಹಾಕಿಕೊಟ್ಟ ನಿಯಮವಲ್ಲ. "ಅವರು ಮೇಲೆ ಹೋದ್ಮೇಲೂ ನಾನು ಹಳೇ ತಪ್ಪು ಬರೀತಾ ಕೂತಿದ್ರೆ ಅಕ್ಷರ ತಪ್ಪುತ್ತೆ" ಎನ್ನುತ್ತಾರೆ.

ಸೇನೆಯ ಈ ವಿಮಾನ ತರಬೇತಿ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಆಕೆ 'ಕಡತದಕ್ಕ'. ವಯಸ್ಸು ಐವತ್ತಾರು. ದಾಖಲೆ ಕೋಣೆ ಸೇರಿ ಇಪ್ಪತ್ತೊಂಬತ್ತು ವರ್ಷ. ಇಲ್ಲಿ ಹಾರುವುದು ಎರಡು ಸೀಟಿನ ಒಂದೇ ಮಾದರಿಯ ತರಬೇತಿ ವಿಮಾನ. ಹುಡುಗರು ಅದನ್ನು ಗುಬ್ಬಿ ಎಂದು ಕರೆಯುತ್ತಾರೆ. ಮೂವತ್ತಾರು ವರ್ಷಗಳಲ್ಲಿ ಗುಬ್ಬಿಗೆ ಆದ ದೊಡ್ಡ ಅಪಘಾತಗಳು ಇಪ್ಪತ್ತಮೂರು, ಸತ್ತವರು ಹದಿನಾಲ್ಕು ಮಂದಿ. ಈ ಅಂಕಿಗಳನ್ನು ಆಕೆ ಪುಸ್ತಕ ನೋಡದೆ ಹೇಳುತ್ತಾರೆ. ಹೇಳಿದ ಮೇಲೆ ಅನುಮಾನ ಬಂದು ತೆಗೆದು ನೋಡುತ್ತಾರೆ.

ಆಕೆಯ ಪತಿ ದರ್ಜಿ. ಕರೆಂಟ್ ಬಿಲ್ಲುಗಳನ್ನೂ ವರ್ಷವಾರು ಕಟ್ಟಿಡುವ ಹೆಂಡತಿಯನ್ನು ಅವರು ಛೇಡಿಸುವುದು ಹೀಗೆ: "ನಮ್ಮನೇಲಿ ದಾರ ನಂದು, ಗಂಟು ಅವಳದು."

ದಾಖಲೆ ಕೋಣೆಯಲ್ಲೂ ದಾರದ್ದೇ ಆಡಳಿತ. ಪ್ರಾಣಹಾನಿಯೋ ದೊಡ್ಡ ಪೆಟ್ಟೋ ಆಗಿದ್ದರೆ ಕೆಂಪು ದಾರ; ಆ ಕಟ್ಟು ಶಾಶ್ವತ. ಏನೋ ಎಡವಟ್ಟಾಗಿಯೂ ಎಲ್ಲರೂ ಸುಖವಾಗಿ ಇಳಿದಿದ್ದರೆ ಬಿಳಿ ದಾರ. ಐದು ವರ್ಷ ಕಳೆದ ಮೇಲೆ ಅದು ಕಾಗದ ಕತ್ತರಿಸುವ ಯಂತ್ರದ ಪಾಲು. ಸೇರಿದ ಮೂರನೇ ವರ್ಷ ಆಕೆ ಎರಡು ಕಪಾಟು ಬಿಳಿ ಕಟ್ಟುಗಳನ್ನು ತನ್ನ ಕೈಯಾರೆ ಯಂತ್ರಕ್ಕೆ ಹಾಕಿದರು. ಹಾಕುವ ಮುನ್ನ, ನಾಳೆ ಯಾರಾದರೂ ಕೇಳಿಬಿಟ್ಟರೆ ಎಂಬ ಅಂಜಿಕೆಯಿಂದ, ಒಂದೊಂದು ಕಟ್ಟಿಗೂ ಒಂದೊಂದು ಸಾಲನ್ನು ಹಳೆಯ ಡೈರಿಯಲ್ಲಿ ಗೀಚಿಟ್ಟುಕೊಂಡರು. ತಾರೀಖು, ಏನಾಯಿತು, ಅಷ್ಟೇ. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ.

ಒಂಬತ್ತು ವರ್ಷಗಳ ಹಿಂದೆ, ಕಪಾಟಿನಲ್ಲಿದ್ದ ಬಿಳಿ ಕಟ್ಟುಗಳ ಸಾಲುಗಳನ್ನು ಬರೆಯುತ್ತಿದ್ದಾಗ ಪೆನ್ನು ನಿಂತಿತು. ಐದು ಕಟ್ಟುಗಳಲ್ಲಿ ಒಂದೇ ಕಥೆ. ಎಡಕ್ಕೆ ತಿರುಗುವಾಗ ಎಂಜಿನ್ ಆರಿದೆ, ಮತ್ತೆ ಹೊತ್ತಿಕೊಂಡಿದೆ, ಕಾರಣ ತಿಳಿದಿಲ್ಲ. ಐದೂ ಚಳಿಗಾಲದ ತಾರೀಖುಗಳು. ಆಕೆ ಎರಡು ದಿನ ಹಿಂದೆಮುಂದೆ ನೋಡಿ, ಕೊನೆಗೆ ಹ್ಯಾಂಗರಿಗೆ ಹೋಗಿ ಎಲ್ಲರೂ ದೊಡ್ಡಪ್ಪ ಎನ್ನುವ ಹಿರಿಯ ಮೆಕ್ಯಾನಿಕ್ ಮುಂದೆ ಡೈರಿ ಬಿಚ್ಚಿದರು.

"ಏನಕ್ಕಾ, ಗುಬ್ಬಿಗೆ ಶೀತ ಆಗಿದ್ಯಾ? ಕಂಬಳಿ ಹೊದಿಸೋಣ್ವಾ?"

"ನಗಬೇಡಿ ದೊಡ್ಡಪ್ಪ. ಚಳೀಲಿ ಏನು ಬದಲಾಗುತ್ತೆ ಹೇಳಿ."

"ಎಂಜಿನ್‌ಗೆ ಏನೂ ಆಗಲ್ಲ. ಬದಲಾಗೋದು ಹುಡುಗರ ಬೂಟು, ಅಷ್ಟೇ" ಎಂದವರು ಏನೋ ಹೊಳೆದಂತೆ ಎದ್ದು ಹೋಗಿ ಒಂದು ಜೊತೆ ಬೂಟು ತಂದರು.

ದಪ್ಪ ಅಟ್ಟೆಯ ಆ ಚಳಿಗಾಲದ ಬೂಟನ್ನು ತಾವೇ ತೊಟ್ಟು ಗುಬ್ಬಿಯ ಮುಂದಿನ ಸೀಟಿನಲ್ಲಿ ಕುಳಿತು ಎಡ ಪೆಡಲನ್ನು ಪೂರ್ತಿ ಒತ್ತಿದರು. ಬೂಟಿನ ಅಂಚು ಪಕ್ಕದಲ್ಲಿದ್ದ, ಇಂಧನ ಬಂದ್ ಮಾಡುವ ಹಿಡಿಗೆ ತಾಗಿತು. ಆ ತಿಂಗಳೇ ಎಲ್ಲ ಗುಬ್ಬಿಗಳಲ್ಲೂ ಹಿಡಿಯ ಮುಂದೆ ಅಂಗೈಯಗಲದ ತಗಡೊಂದು ಬಂತು. ಅಲ್ಲಿಂದೀಚೆಗೆ ಎಡ ತಿರುವಿನಲ್ಲಿ ಎಂಜಿನ್ ಆರಿದ ಒಂದು ಸಾಲೂ ಡೈರಿಗೆ ಬಂದಿಲ್ಲ.

ಆದರೆ ಕೆಂಪು ದಾರದ ಒಂಬತ್ತನೇ ಕಟ್ಟು ಆಕೆಯನ್ನು ಬಿಡಲಿಲ್ಲ. ಮೂವತ್ತೊಂದು ವರ್ಷಗಳ ಹಿಂದಿನ ಚಳಿಗಾಲ. ಒಬ್ಬನೇ ಹಾರುತ್ತಿದ್ದ ಇಪ್ಪತ್ತೊಂದರ ತರಬೇತಿ ಪೈಲಟ್. ಎಡ ತಿರುವು, ಎತ್ತರ ಕಡಿಮೆ. 'ಕಾರಣ: ಗಾಬರಿಯಲ್ಲಿ ಎಂಜಿನ್ ಆರಿಸಿದ್ದು ಪೈಲಟ್‌ನದೇ ತಪ್ಪು.' ಆತನ ಅಕ್ಕ ವರ್ಷಕ್ಕೊಂದು ಅರ್ಜಿ ಬರೆಯುತ್ತಲೇ ಇದ್ದರು. "ನನ್ನ ತಮ್ಮ ಪುಕ್ಕಲ ಅಂತ ನಂಬ್ಕೊಂಡೇ ನಮ್ಮಪ್ಪ ಹೋದ್ರು" ಎಂದು ಒಮ್ಮೆ ಕಡತದಕ್ಕನ ಬಳಿ ಫೋನಿನಲ್ಲಿ ಹೇಳಿದ್ದರು.

ಆ ಅರ್ಜಿಗಳ ಮೇಲೆ ಕಳೆದ ವರ್ಷ ಪರಿಶೀಲನಾ ಸಮಿತಿ ಕುಳಿತಿತು. ಆ ಐದು ಘಟನೆಗಳು ತುಂಬಾ ಈಚಿನವು, ವಿಮಾನ ಹಳೆಯದಾಗಿ ಹಿಡಿ ಸಡಿಲವಾಗಿದ್ದಿರಬಹುದು ಎಂಬುದು ಅವರ ತರ್ಕ. ಹುಡುಗ ಸಾಯುವ ಮೊದಲೂ ಹೀಗೆ ಆಗಿತ್ತೆಂದು ತೋರಿಸಬೇಕು. ತೋರಿಸಬಹುದಾದ ಕಟ್ಟುಗಳು ಆಕೆ ಕತ್ತರಿಸಿ ಹಾಕಿದ ಆ ಎರಡು ಕಪಾಟಿನಲ್ಲಿದ್ದವು.

ಉಳಿದದ್ದು ಡೈರಿ. ಅದರಲ್ಲಿ, ಆ ಅಪಘಾತಕ್ಕೆ ಹಿಂದಿನ ಎರಡು ಚಳಿಗಾಲಗಳ ತಾರೀಖಿನಲ್ಲಿ, ಒಂದೊಂದು ಸಾಲು: 'ಎಡ ತಿರುವು. ಎಂಜಿನ್ ಆರಿತು. ಮತ್ತೆ ಹೊತ್ತಿತು.' ಗುಮಾಸ್ತೆಯ ಖಾಸಗಿ ಬರಹಕ್ಕೆ ಬೆಲೆ ಉಂಟೇ ಎಂದು ಸಮಿತಿ ನಾಲ್ಕು ತಿಂಗಳು ತೂಗಿತು. ಆ ದಿನಗಳ ಹಾರಾಟದ ಪುಸ್ತಕ ತರಿಸಿ ತಾರೀಖು ತಾಳೆ ನೋಡಿತು. ಎರಡೂ ಸರಿಹೊಂದಿದವು.

ಹೋದ ತಿಂಗಳು, ಕಾರಣದ ಹೊಸ ಸಾಲನ್ನೂ ಅದಕ್ಕೆ ಆಧಾರವಾದ ಹಳೆಯ ಸಾಲುಗಳನ್ನೂ ಓದಿ ಹೇಳಲು ಆ ಹುಡುಗನ ಅಕ್ಕನನ್ನು ಕರೆಸಿದ್ದರು. 'ಬೂಟು ತಾಗಿ ಇಂಧನ ನಿಂತಿರುವ ಸಂಭವ ಹೆಚ್ಚು. ಪೈಲಟ್‌ನ ತಪ್ಪಲ್ಲ.' ಹುಡುಗನ ಅಕ್ಕ ಅದನ್ನು ಇನ್ನೊಮ್ಮೆ ಓದಿಸಿದರು. ಬಳಿಕ, "ಈ ಹಳೇ ಸಾಲುಗಳನ್ನ ಬರೆದಿಟ್ಟೋರು ಯಾರು ಸಾರ್?" ಎಂದು ಕೇಳಿದರು.

"ಕಚೇರಿ ದಾಖಲೆ ಅಮ್ಮಾ" ಎಂದರು ಅಧಿಕಾರಿ.

ಕಡತದಕ್ಕ ಆಗ ಕೆಂಪು ದಾರ ಹಿಡಿದು, ಕಟ್ಟು ವಾಪಸು ಪಡೆಯಲು ಬಾಗಿಲ ಬಳಿಯೇ ನಿಂತಿದ್ದರು. ಅಧಿಕಾರಿ ಚಾಚಿದ ಕಟ್ಟನ್ನು ತೆಗೆದುಕೊಂಡು ಗಂಟು ಬಿಗಿದರು.

ಅಧಿಕಾರಿ ನಿಮ್ಮ ಹೆಸರು ಹೇಳಲಿಲ್ಲವೆಂದು ಬೇಸರವಾಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಹೊರಗೆ ಆರೂವರೆಯ ಗುಬ್ಬಿ ಮೇಲೆದ್ದು ಎಡಕ್ಕೆ ವಾಲುತ್ತದೆ. ಸದ್ದು ಮತ್ತೆ ಸಮವಾಗುವವರೆಗೂ ಆಕೆ ಕಿಟಕಿಯತ್ತಲೇ ಕಿವಿಯಿಟ್ಟಿದ್ದು, ಆಮೇಲೆ ನಿಧಾನಕ್ಕೆ ಹೇಳುತ್ತಾರೆ:

"ಬರೆದಿಟ್ಟವಳು ನಾನು ಅಂದಿದ್ರೆ, ಕತ್ತರಿಸಿ ಹಾಕಿದವಳೂ ನಾನೇ ಅಂತ ಹೇಳ್ಬೇಕಿತ್ತಲ್ಲ. ಅವತ್ತು ಬಾಯಿ ಬರ್ಲಿಲ್ಲ. ಈಗ ನೀವು ಪೇಪರಲ್ಲಿ ಹಾಕೋದಾದ್ರೆ ಎರಡನ್ನೂ ಹಾಕಿ. ಆ ಅಕ್ಕ ಓದ್ಲಿ."