ಸುಲಭವಾಗಿ ತಿರುಗಿದ ಜನರೇಟರು

ದಾಂಡೇಲಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ತಾಮ್ರಕ್ಕೆ ವಾಸನೆ ಇರುತ್ತದೆ, ಸವೆದ ಬೇರಿಂಗಿಗೆ ಸದ್ದು ಇರುತ್ತದೆ. ಅಯಸ್ಕಾಂತ ಮಾತ್ರ ಸತ್ತ ಮೇಲೂ ಏನೂ ಆಗದವರಂತೆ ಹೊಳೆಯುತ್ತ ಕೂತಿರುತ್ತದೆ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು.

ಹೋದ ಮಳೆಗಾಲದ ಕೊನೆಗೆ ಕುಂಬಾರವಾಡದ ಆಚೆ ಒಂದು ಮನೆಗೆ ಹೋಗಿದ್ದೆ. ಹತ್ತಿರದ ಸೂಪಾ ಅಣೆಕಟ್ಟಿನಲ್ಲಿ ಕರೆಂಟು ಹುಟ್ಟುತ್ತದೆ, ಇವರ ಮನೆಗೆ ತಂತಿಯೇ ಬಂದಿಲ್ಲ; ದೀಪದ ಕೆಳಗೆ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಹಿತ್ತಲಿನ ಹಳ್ಳದ ನೀರಿಗೆ ತಿರುಗುವ ಪುಟ್ಟ ಜನರೇಟರೇ ಅವರಿಗೆ ಗತಿ. ಮನೆಯೊಡತಿಗೆ ದಮ್ಮು. ಔಷಧವನ್ನು ಆವಿ ಮಾಡಿ ಮೂಗಿಗೆ ಕೊಡುವ ನೆಬ್ಯುಲೈಸರ್ ಮಷಿನ್ನು ದಿನಾ ಸಂಜೆ ಅದರಿಂದಲೇ ನಡೆಯಬೇಕು. ಈಗ ಬಲ್ಬು ಬರೀ ಮಿಣುಕುತ್ತಿತ್ತು, ಮಷಿನ್ನು ಏಳುತ್ತಲೇ ಇರಲಿಲ್ಲ. ಆಕೆ ಗೋಡೆಗೆ ಒರಗಿ ಒಂದೊಂದು ಉಸಿರನ್ನೂ ಎಳೆದು ತರುತ್ತಿದ್ದಳು. ಜೊಯಿಡಾದ ಆಸ್ಪತ್ರೆಗೆ ದಿನಾ ಹೋಗಿಬರಲು ಬಸ್ಸೆಲ್ಲಿ?

ವೈಂಡಿಂಗ್ ನೋಡಿದೆ, ಸರಿಯಿತ್ತು. ಬೇರಿಂಗ್ ಹೊಸದು, ಗಂಡನೇ ಕೂಡಿಸಿದ್ದನಂತೆ. ಕೊನೆಗೆ ಜನರೇಟರಿನ ಮೂರೂ ತಂತಿಗಳನ್ನು ಒಟ್ಟಿಗೆ ಹೊಸೆದು ಶಾಫ್ಟು ತಿರುಗಿಸಿದೆ. ಅಯಸ್ಕಾಂತ ಗಟ್ಟಿಯಿದ್ದರೆ ಆಗ ಅದು ಕೈಯೊಂದಿಗೆ ಜಗಳಕ್ಕೆ ಬೀಳಬೇಕು. ಇದು ಬೆಣ್ಣೆಯಲ್ಲಿಟ್ಟಂತೆ ತಿರುಗಿತು. ಜನರೇಟರು ಬಿಚ್ಚಿ, ಒಳಗೆ ತಿರುಗುವ ಅಯಸ್ಕಾಂತದ ರೋಟರನ್ನು ಹೊರಗಿಟ್ಟೆ.

"ಅಯಸ್ಕಾಂತ ಹೋಗೇತ್ರಿ," ಎಂದೆ.

"ಎಲ್ಲಿ ಹೋಗೇತಿ?" ಗಂಡ ನಾನು ಬಿಚ್ಚಿಟ್ಟ ರೋಟರಿಗೆ ಒಂದು ಮೊಳೆ ಅಂಟಿಸಿ ತೋರಿಸಿದ. "ನೋಡ್ರಿ, ಹಿಡೀತೈತಲ್ಲ!"

ಮೊಳೆ ಹಿಡಿಯುವ ಬಲ ಬೇರೆ, ಮಷಿನ್ನು ಓಡಿಸುವ ಬಲ ಬೇರೆ ಎಂದು ಅವನಿಗೆ ಹೇಗೆ ಹೇಳಲಿ? ಬೇರೆ ರೋಟರು ತರಿಸೋಣವೆಂದರೆ, ಈ ಜನರೇಟರು ಮಾಡುತ್ತಿದ್ದ ಕಂಪನಿಯವರು ಆ ಮಾಲನ್ನೇ ನಿಲ್ಲಿಸಿದ್ದರು. ತಾಮ್ರ ಸುಟ್ಟಿದ್ದರೆ ನಾನು ಮತ್ತೆ ಸುತ್ತಿ ಕೊಡುತ್ತಿದ್ದೆ. ಇದಕ್ಕೆ ನನ್ನ ಹತ್ತಿರ ಏನೇನೂ ಇರಲಿಲ್ಲ.

"ಇದನ್ನ ಬೆಂಕಿಗೆ ಹಿಡಿದಿದ್ರೇನು?" ಎಂದು ಕೇಳಿದೆ. ಅತಿಯಾಗಿ ಕಾಯಿಸಿದರೆ ಅಯಸ್ಕಾಂತದ ಬಲ ಇಳಿದುಹೋಗುತ್ತದೆ.

ಗಂಡ ಬಾಯಿ ತೆರೆಯುವ ಮೊದಲೇ ಆಕೆ ಉಸಿರಿಗಾಗಿ ತಡೆತಡೆದು ಹೇಳಿದಳು: "ಹಳೇ ಬೇರಿಂಗು ಇದಕ್ಕ ಹಿಡಕೊಂಡು ಕುಂತಿತ್ರಿ. ಇದನ್ನ ಹಂಗೇ ಒಲಿ ಮ್ಯಾಲ ಇಟ್ಟಿವಿ... ಕಟಿಗಿ ಹಸಿ ಇದ್ದುವು. ನಾನೇ ಊದಿದೆ, ನಿಗಿನಿಗಿ ಆಗೂತನಕ. ಚಲೋ ಬಿಟ್ಟು ಬಂತಲ್ರಿ?" ಆ ಬಾಡಿದ ಮುಖದಲ್ಲಿ ಹೆಮ್ಮೆ ಇತ್ತು.

ಗಂಡ ನನ್ನನ್ನೇ ನೋಡುತ್ತಿದ್ದ.

"ಹೂಂ. ಬೇರಿಂಗು ಚಲೋ ಕುಂತೈತ್ರಿ," ಎಂದೆ.

"ಹಂಗಾರ ಈಗ ಹಚ್ಚಲೇನ್ರಿ?" ಎನ್ನುತ್ತ ಆಕೆ ಮಷಿನ್ನಿನ ಮಾಸ್ಕನ್ನು ಕೈಗೆತ್ತಿಕೊಂಡಳು.